ತುಪ್ಪ, ತಂಪು ಮತ್ತು ತೊಗರಿ ಹೂವು

ದಸರಾದ ಬನ್ನಿ ಇನ್ನೂ ದೇವರ ಜಗಲಿಯ ಮೇಲೆ ಬಾಡುತ್ತಿರುತ್ತದೆ, ಅಷ್ಟರಲ್ಲೇ ದೀಪಾವಳಿಯ ಗದ್ದಲ ಶುರುವಾಗಿರುತ್ತದೆ. ಸಂಜೆ ಆರರ ಮೇಲೆ ಕಲಬುರಗಿಯ ಸ್ಟೇಶನ್ ಬಜಾರದಲ್ಲಿ ಚೆಂಡು ಹೂವಿನ ರಾಶಿ, ಪಣತಿಗಳ ಬುಟ್ಟಿ, ಕೆಂಬಾಳೆಯ ತಳ್ಳುಗಾಡಿ, ರೈಲಿಳಿದು ಆಟೊ ಹುಡುಕುವ ಮಂದಿ. ಇವರ ನಡುವೆಯೇ ಒಂದು ಕೈಯಲ್ಲಿ ಮೈದಾ, ಸಕ್ಕರೆ, ತುಪ್ಪದ ಚೀಲ, ಇನ್ನೊಂದರಲ್ಲಿ ಖಾಲಿ ಡಬ್ಬಿ ಹಿಡಿದು ಬೇಕರಿಯತ್ತ ಹೊರಟ ಹೆಂಗಸರು. “ಇವತ್ತ ಭಟ್ಟಿ ತುಂಬ್ಯಾದ್ರಿ ಅಕ್ಕೋರೆ, ನಾಳಿ ಬರ್ರಿ” ಅನ್ನುತ್ತಾನೆ ಹುಡುಗ. “ನಾಳಿ ನಾಳಿ ಅಂದು ಹಬ್ಬ ಮುಗದ ಮ್ಯಾಲ ಕೊಡ್ತೀಯೇನಪಾ?” ಎಂದು ಗೊಣಗುತ್ತಲೇ ಹೆಸರು ಬರೆಸಿ ಹೋಗುತ್ತಾರೆ.

ಅದೇ ಮನೆಗಳ ಮಗಳೋ ಸೊಸೆಯೋ ಈಗ ಮೊಬೈಲಿನಲ್ಲಿ ಬೇರೆಯದೇ ಬಿಸ್ಕೀಟು ನೋಡುತ್ತಿರುತ್ತಾಳೆ. ಕಾಗದದಷ್ಟು ತೆಳು, ಕೆಂಪು ಕಿತ್ತಳೆ ಮೇಪಲ್ ಎಲೆಯ ಆಕಾರ, ಮೇಲೆ ಸಕ್ಕರೆಯ ಗೆರೆಯಲ್ಲಿ ಬರೆದ ನರಗಳು. ನೋಡಿದರೆ ಸುಲಭ. ಮಾಡಲು ಕೂತರೆ ಎಲೆ ಹರಡಿ ಚಪ್ಪಟೆಯಾಗುತ್ತದೆ, ತುದಿ ಕರಕಾಗಿ ನಡು ಹಸಿಯಾಗಿ ಉಳಿಯುತ್ತದೆ, ಎತ್ತುವಾಗ ತೊಟ್ಟು ಮುರಿಯುತ್ತದೆ.

ಇಂಥ ಬಿಸ್ಕೀಟಿನಲ್ಲಿ ಕಷ್ಟವಿರುವುದು ಚಿತ್ತಾರದಲ್ಲಲ್ಲ, ತೆಳುವಿನಲ್ಲಿ. ಚಿತ್ತಾರಕ್ಕೆ ಬೇಕಾದ ಕೈ ನಮ್ಮ ಕಡೆಯ ಹೆಂಗಸರಲ್ಲಿ ಯಾವತ್ತೂ ಇದೆ. ತೆಳುವಾಗಿ ಮಾಡುವ ವಿದ್ಯೆಯೂ ಇದೆ, ಆದರೆ ಅದು ನೀರಿನ ಮೇಲೆ ನಿಂತ ವಿದ್ಯೆ. ಬಿಸ್ಕೀಟಿನದು ಜಿಡ್ಡಿನ ಮೇಲೆ ನಿಂತದ್ದು. ಈ ವ್ಯತ್ಯಾಸ ತಿಳಿದರೆ ಉಳಿದದ್ದು ಅಷ್ಟೇನೂ ದೂರವಿಲ್ಲ.

ಭಟ್ಟಿ ಬಂದ ದಾರಿ

ಮೈಸೂರು ಸೀಮೆಯವರಿಗೆ ಬೇಕರಿ ಅಂದರೆ ಅಯ್ಯಂಗಾರ್ ಬೇಕರಿ. ನಮ್ಮ ಕಡೆಯ ಬೇಕರಿಯ ಬೇರು ಹೈದರಾಬಾದಿನ ಕಡೆಗಿದೆ. 1948ರ ಸೆಪ್ಟೆಂಬರ್‌ವರೆಗೆ ಕಲಬುರಗಿ ನಿಜಾಮರ ರಾಜ್ಯದಲ್ಲಿತ್ತು. ಮುಂಬೈ ಕಡೆಯಿಂದ ಬಂದ ರೈಲು ಹಳಿಯೂ ಮದ್ರಾಸಿನ ಕಡೆಯಿಂದ ಬಂದ ಹಳಿಯೂ 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಆ ದಾರಿಯ ಮೇಲಿನ ನಿಲ್ದಾಣ ನಮ್ಮದು. ಮೂರು ವರ್ಷಕ್ಕೆ ವಾಡಿಯಿಂದ ಸಿಕಂದರಾಬಾದಿಗೂ ಹಳಿ ಬಿತ್ತು. ಸ್ಟೇಶನ್ ಇದ್ದಲ್ಲಿ ಚಹಾ, ಚಹಾ ಇದ್ದಲ್ಲಿ ಬಿಸ್ಕೀಟು. ಕೊನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಹೆಸರು ಹೊತ್ತ ಉಸ್ಮಾನಿಯಾ ಬಿಸ್ಕೀಟು ಇವತ್ತಿಗೂ ಇಲ್ಲಿನ ಚಹಾದ ಜೊತೆಗಾರ. ಆ ಬಿಸ್ಕೀಟು ಹುಟ್ಟಿದ್ದು ಉಸ್ಮಾನಿಯಾ ಆಸ್ಪತ್ರೆಯ ರೋಗಿಗಳಿಗಾಗಿ ಎಂಬುದೊಂದು ಕಥೆ, ಹೈದರಾಬಾದಿನ ಹೋಟೆಲೊಂದರಲ್ಲಿ ಎಂಬುದು ಇನ್ನೊಂದು. ಹೈದರಾಬಾದಿಗರು ಎರಡನ್ನೂ ಅಷ್ಟೇ ಖಾತ್ರಿಯಿಂದ ಹೇಳುತ್ತಾರೆ.

ಆದರೆ ಮನೆಯ ಸಾಮಾನು ಒಯ್ದು ಬೇಕರಿಯಲ್ಲಿ ಬಿಸ್ಕೀಟು ಮಾಡಿಸಿಕೊಂಡು ಬರುವ ರೂಢಿ ಬಿಸ್ಕೀಟಿಗಿಂತ ಹೆಚ್ಚು ಕುತೂಹಲದ್ದು. ದೀಪಾವಳಿಗೂ ರಮಜಾನಿಗೂ ಅದೇ ಸಾಲು, ಅದೇ ಡಬ್ಬಿ. ತುಪ್ಪ ಎಷ್ಟು, ಏಲಕ್ಕಿ ಹಾಕಬೇಕೋ ಬೇಡವೋ ಎಂಬುದು ಮನೆಯವರ ತೀರ್ಮಾನ. ನಾದುವುದು, ಒತ್ತುವುದು, ಸುಡುವುದು ಬೇಕರಿಯವರ ಕೆಲಸ. ತಮ್ಮದೇ ಸಾಮಾನು ಅನ್ನುವ ಸಮಾಧಾನ ಮನೆಯವರಿಗೆ, ಕೂಲಿ ಬೇಕರಿಯವರಿಗೆ.

ಈ ಏರ್ಪಾಡಿನ ಹಿಂದೆ ಬೆಂಕಿಯ ಲೆಕ್ಕವೂ ಇದೆ. ಇಟ್ಟಿಗೆಯ ಕಟ್ಟಿಗೆ ಭಟ್ಟಿಗೆ ಬೆಂಕಿ ಹಾಕಿದರೆ ಮೊದಲು ಅದು 220 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಆ ಹೊತ್ತಿಗೆ ಬ್ರೆಡ್ಡು, ಪಾವು ಬೇಯುತ್ತವೆ. ಆಮೇಲೆ ಇಟ್ಟಿಗೆ ಮೆಲ್ಲಗೆ ಆರುತ್ತ ಬರುತ್ತದೆ. ಆ ಇಳಿಬಿಸಿಯೇ ಬಿಸ್ಕೀಟಿಗೆ ತಕ್ಕದ್ದು. ಬ್ರೆಡ್ಡು ತೆಗೆದ ಮೇಲೆ ಸುಮ್ಮನೆ ಪೋಲಾಗಬಹುದಾಗಿದ್ದ ಬಿಸಿಯಲ್ಲಿ ಊರ ಹಬ್ಬದ ಬಿಸ್ಕೀಟು ಬೇಯುತ್ತಿತ್ತು.

1937ರಲ್ಲಿ ಡಾಲ್ಡಾ ವನಸ್ಪತಿ ಮಾರುಕಟ್ಟೆಗೆ ಬಂದ ಮೇಲೆ ತುಪ್ಪದ ಜಾಗವನ್ನು ಅದೇ ಹಿಡಿಯಿತು. ಅಗ್ಗ, ಸೆಕೆಗೂ ಗಟ್ಟಿ, ಬಿಸ್ಕೀಟು ಗರಿಗರಿ. ಎಣ್ಣೆಯನ್ನು ಗಟ್ಟಿ ಮಾಡುವಾಗ ಹುಟ್ಟುವ ಟ್ರಾನ್ಸ್ ಕೊಬ್ಬು ಹೃದಯಕ್ಕೆ ಕೆಟ್ಟದ್ದೆಂದು ಮುಂದೆ ತಿಳಿಯಿತು. 2022ರ ಜನವರಿಯಿಂದ ದೇಶದಲ್ಲಿ ಅದರ ಮಿತಿ ಶೇ. 2. ಮನೆಯಲ್ಲೇ ಮಾಡುವವರಿಗೆ ಈ ತಲೆನೋವಿಲ್ಲ. ಬೆಣ್ಣೆ ಇದೆ, ತುಪ್ಪ ಇದೆ.

ಇಲ್ಲಿ ಎಲೆ ಉದುರುವುದು ಶಿವರಾತ್ರಿಗೆ

ಇನ್ನು ಆಕಾರದ ಮಾತು. ಮೊಬೈಲಿನಲ್ಲಿ ಬರುವ ಶರತ್ಕಾಲದ ಬಿಸ್ಕೀಟುಗಳಲ್ಲಿ ಮೇಪಲ್ ಎಲೆ, ಓಕ್ ಕಾಯಿ, ಕುಂಬಳಕಾಯಿ. ಅವು ಅಮೆರಿಕ, ಕೆನಡಾ, ಯುರೋಪಿನ ಅಕ್ಟೋಬರಿನ ಗುರುತುಗಳು. ಅಲ್ಲಿ ಹಗಲು ಕಿರಿದಾಗಿ ಚಳಿ ಬೀಳುತ್ತಿದ್ದಂತೆ ಮರ ಎಲೆಗೆ ಉಣಿಸುವುದನ್ನು ನಿಲ್ಲಿಸುತ್ತದೆ. ಹಸಿರು ಬಣ್ಣದ ಪತ್ರಹರಿತ್ತು ಕರಗಿದಾಗ ಮೊದಲಿಂದಲೂ ಅಡಗಿದ್ದ ಹಳದಿ ಕಾಣುತ್ತದೆ. ಕೆಲವು ಮರಗಳಲ್ಲಿ ಕೆಂಪು ಹೊಸದಾಗಿ ಹುಟ್ಟುತ್ತದೆ. ನ್ಯೂಜೆರ್ಸಿಯಲ್ಲೋ ಟೊರೊಂಟೊದಲ್ಲೋ ಇರುವ ಕನ್ನಡದ ಮನೆಯೊಂದು ದೀಪಾವಳಿಗೆ ಮೇಪಲ್ ಎಲೆಯ ಬಿಸ್ಕೀಟು ಮಾಡಿದರೆ ಅದು ಸರಿಯೇ. ಅವರ ಅಂಗಳದಲ್ಲಿ ಬಿದ್ದಿರುವುದು ಅದೇ ಎಲೆ.

ಕಲಬುರಗಿಯ ಅಕ್ಟೋಬರಿನಲ್ಲಿ ಎಲೆ ಉದುರುವುದಿಲ್ಲ. ಬೇವು, ಅರಳಿ ಎಲೆ ಚೆಲ್ಲುವುದು ಶಿವರಾತ್ರಿಯ ಆಚೀಚೆ, ಅದೂ ಚಳಿಗಲ್ಲ, ಬರುವ ಬೇಸಿಗೆಗೆ ನೀರು ಉಳಿಸಲು. ನಮ್ಮ ಶರದೃತು, ಅಂದರೆ ಆಶ್ವೀಜ ಕಾರ್ತಿಕ, ಹೂವಿನ ಕಾಲ. ಜೂನ್ ಜುಲೈಯಲ್ಲಿ ಬಿತ್ತಿದ ತೊಗರಿ ಈಗ ಹೊಲ ತುಂಬ ಹಳದಿ. ಆ ಹೂವನ್ನು ಹತ್ತಿರದಿಂದ ನೋಡಿ: ಅವರೆ ಹೂವಿನ ಕುಲದ್ದು, ಮೇಲೊಂದು ಅಗಲ ಪಕಳೆ, ಅದರ ಬೆನ್ನ ಮೇಲೆ ಎಷ್ಟೋ ತಳಿಗಳಲ್ಲಿ ಕೆಂಪು ಗೆರೆ. ಬಿಸ್ಕೀಟಿನ ಮೇಲೆ ಬರೆಯಲು ಇದಕ್ಕಿಂತ ಒಳ್ಳೆಯ ಹೂವು ಬೇಕೆ? 2019ರಲ್ಲಿ ಭೌಗೋಳಿಕ ಗುರುತು ಪಡೆದ ಕಲಬುರಗಿ ತೊಗರಿಬೇಳೆಯ ತಾಯಿ ಅದು. ಅದರ ಜೊತೆಗೆ ಬಿರಿಯುತ್ತಿರುವ ಹತ್ತಿ, ಚೆಂಡು ಹೂವು, ಬನ್ನಿ.

ಬನ್ನಿಯ ಎಲೆ ಅಚ್ಚಿಗೆ ಒಗ್ಗುವುದಿಲ್ಲ, ಬಿಡಿ ಎಲೆಗಳು ಬಹಳ ಸಣ್ಣವು. ಅದನ್ನು ಸಕ್ಕರೆಯ ಗೆರೆಯಲ್ಲಿ ಬರೆಯುವುದೇ ವಾಸಿ. ಸೊಲ್ಲಾಪುರದ ಕಡೆ ದಸರಾಕ್ಕೆ ಬಂಗಾರವೆಂದು ಹಂಚುವ ಆಪ್ಟೆಯ ಎಲೆ ಮಾತ್ರ ಕತ್ತರಿಸಲು ಹೇಳಿ ಮಾಡಿಸಿದ್ದು. ಎರಡು ದುಂಡು ಹಾಲೆ, ನಡುವೆ ಒಂದು ಕಚ್ಚು, ಚೂಪು ತುದಿ ಎಲ್ಲೂ ಇಲ್ಲ. ಚೂಪಿಲ್ಲದ್ದು ಯಾಕೆ ಮುಖ್ಯವೆಂದು ಬೆಂಕಿಯ ಹತ್ತಿರ ಬಂದಾಗ ಹೇಳುತ್ತೇನೆ. ಅರಳಿ ಎಲೆ ನೋಡಲು ಚೆಂದ, ಆದರೆ ಅದರ ಬಾಲ ಓವನ್ನಿನಲ್ಲಿ ಸುಟ್ಟೇ ತೀರುತ್ತದೆ.

ಅಚ್ಚು ಕೊಳ್ಳಲೇಬೇಕೆಂದೂ ಇಲ್ಲ. ರಟ್ಟಿನಲ್ಲಿ ಎಲೆ ಕತ್ತರಿಸಿ ಹಿಟ್ಟಿನ ಮೇಲಿಟ್ಟು ಚಾಕುವಿನಿಂದ ಸುತ್ತಿದರೆ ಆಯಿತು. ಅಂಚಿಗೆ ಹಲ್ಲು ಬೇಕಾದರೆ ಕರ್ಚಿಕಾಯಿಯ ಅಂಚು ಕತ್ತರಿಸುವ ಹಲ್ಲಿನ ಗಾಲಿ ಮನೆಯಲ್ಲಿ ಇದ್ದೇ ಇರುತ್ತದೆ.

ಗೌರಿ ಹುಣ್ಣಿಮೆಯ ಮರದ ಅಚ್ಚು

ತಿನಿಸಿಗೆ ಆಕಾರ ಕೊಡುವುದು ನಮಗೆ ಹೊಸದಲ್ಲ ಅನ್ನಲು ಕಾರ್ತಿಕದ ಗೌರಿ ಹುಣ್ಣಿಮೆ ಸಾಕು. ಉತ್ತರ ಕರ್ನಾಟಕದ ಊರೂರಿನಲ್ಲಿ ಆಗ ಸಕ್ಕರೆ ಆರತಿ. ರಥ, ಆನೆ, ಕುದುರೆ, ನವಿಲು, ಗೋಪುರ, ಎಲ್ಲವೂ ಸಕ್ಕರೆಯವೇ. ಹೆಣ್ಣುಮಕ್ಕಳು ಹೊಸ ಸೀರೆಯುಟ್ಟು ತಟ್ಟೆಯಲ್ಲಿ ಗೊಂಬೆಗಳನ್ನಿಟ್ಟು ಗೌರಿಗೆ ಬೆಳಗಲು ಹೋಗುತ್ತಾರೆ. ನಿಶ್ಚಯವಾದ ಹುಡುಗಿಗೆ ಗಂಡಿನ ಮನೆಯಿಂದ ಸೀರೆಯ ಜೊತೆ ಸಕ್ಕರೆ ಆರತಿ ಬರುವ ಪದ್ಧತಿಯೂ ಇದೆ.

ಅದನ್ನು ಮಾಡುವ ಬಗೆ ನೋಡುವಂಥದ್ದು. ಸಕ್ಕರೆ ಪಾಕಕ್ಕೆ ಚೂರು ಹಾಲು ಹಾಕಿದರೆ ಕೊಳೆ ನೊರೆಯಾಗಿ ಮೇಲೆ ಬರುತ್ತದೆ, ಅದನ್ನು ತೆಗೆದುಬಿಡುತ್ತಾರೆ. ಎರಡು ಹೋಳಿನ ಮರದ ಅಚ್ಚುಗಳನ್ನು ನೀರಿನಲ್ಲಿ ನೆನೆಸಿ, ಜೋಡಿಸಿ ಬಿಗಿದು, ಪಾಕ ಹೊಯ್ಯುತ್ತಾರೆ. ಮರ ನೀರು ಕುಡಿದಿರುವುದರಿಂದ ಸಕ್ಕರೆ ಅಂಟುವುದಿಲ್ಲ. ಕೆಲ ನಿಮಿಷಕ್ಕೆ ಗೊಂಬೆ ಗಟ್ಟಿ.

ಡಚ್ಚರ ಸ್ಪೆಕ್ಯುಲಾಸ್, ಜರ್ಮನಿಯ ಸ್ಪ್ರಿಂಗರ್ಲೆ ಬಿಸ್ಕೀಟುಗಳನ್ನೂ ಹೀಗೆಯೇ ಕೆತ್ತಿದ ಮರದ ಅಚ್ಚಿನಲ್ಲಿ ಮೂಡಿಸುತ್ತಾರೆ. ಅಲ್ಲಿ ನೀರಿನ ಬದಲು ಒಣ ಹಿಟ್ಟು ಉದುರಿಸುತ್ತಾರೆ, ಯಾಕೆಂದರೆ ಹಿಟ್ಟಿನ ಕಣಕಕ್ಕೆ ನೀರು ಸೋಕಿದರೆ ಅಂಟು. ಡಿಸೆಂಬರ್ 6ರ ಸಂತ ನಿಕೋಲಾಸನ ಹಬ್ಬಕ್ಕೆ ಅವರ ಸ್ಪೆಕ್ಯುಲಾಸ್, ಕಾರ್ತಿಕ ಹುಣ್ಣಿಮೆಗೆ ನಮ್ಮ ಸಕ್ಕರೆ ಆರತಿ. ಹಳೆಯ ಅಚ್ಚು ಮನೆಯಲ್ಲಿದ್ದರೆ ಅದರ ಒಂದು ಹೋಳಿಗೆ ಮೈದಾ ಸವರಿ ಬಿಸ್ಕೀಟಿನ ಕಣಕದ ಮೇಲೆ ಮೆಲ್ಲಗೆ ಒತ್ತಿ ನೋಡಬಹುದು. ಆಳವಾದ ಅಚ್ಚು ಬೇಡ, ತೆಳು ಬಿಸ್ಕೀಟು ಅಷ್ಟು ಆಳ ತಾಳುವುದಿಲ್ಲ. ಗೆರೆಗಳು ಆಳವಿಲ್ಲದ ನವಿಲೋ ಹೂವೋ ಆದರೆ ಚೆನ್ನಾಗಿ ಮೂಡುತ್ತದೆ.

ರೊಟ್ಟಿಯ ತೆಳುವು, ಬಿಸ್ಕೀಟಿನ ತೆಳುವು

ಕಡಕ್ ರೊಟ್ಟಿ ಬಡಿಯುವ ಕೈಗೆ ತೆಳುವಿನ ಪಾಠ ಹೇಳಬೇಕಾಗಿಲ್ಲ. ಆದರೆ ಜೋಳದ ಹಿಟ್ಟಿನಲ್ಲಿ ಗೋಧಿಯ ಜಿಗುಟು ಇಲ್ಲ. ಗೋಧಿಗೆ ನೀರು ಬಿದ್ದರೆ ಅದರೊಳಗಿನ ಎರಡು ಪ್ರೋಟೀನುಗಳು ಕೂಡಿ ಗ್ಲುಟೆನ್ ಎಂಬ ಎಳೆ ಕಟ್ಟುತ್ತವೆ. ಜೋಳದಲ್ಲಿ ಆ ಎಳೆ ಹುಟ್ಟುವುದಿಲ್ಲ. ಅದಕ್ಕೇ ಎಸರು ಇಡುವುದು. ಕುದಿನೀರು ಬಿದ್ದಾಗ ಜೋಳದ ಪಿಷ್ಟ ಉಬ್ಬಿ ಅಂಟಾಗುತ್ತದೆ, ಆ ಅಂಟು ಹಿಟ್ಟನ್ನು ಹಿಡಿದಿಡುತ್ತದೆ. ಬಡಿದು ತೆಳು ಮಾಡಿ, ಹಂಚಿನ ಮೇಲೆ ಬೇಯಿಸಿ, ಆಮೇಲೆ ಸಣ್ಣ ಉರಿಯಲ್ಲಿ ಬಟ್ಟೆಯಿಂದ ಒತ್ತಿ ಒತ್ತಿ ಒಳಗಿನ ಹಬೆಯೆಲ್ಲ ಓಡಿಸಿದರೆ ರೊಟ್ಟಿ ಕಡಕ್. ಒಟ್ಟಿನಲ್ಲಿ ನೀರು ಹಾಕುವುದು, ನೀರು ತೆಗೆಯುವುದು.

ಬಿಸ್ಕೀಟು ಇದಕ್ಕೆ ಉಲ್ಟಾ. ಇಲ್ಲಿ ನೀರೇ ಶತ್ರು. ಮೈದಾಕ್ಕೆ ನೀರು ಹೆಚ್ಚಾದಷ್ಟೂ ಗ್ಲುಟೆನ್ ಬಲಿಯುತ್ತದೆ. ಬಲಿತ ಗ್ಲುಟೆನ್ ರಬ್ಬರು, ಲಟ್ಟಿಸಿದ ಎಲೆ ಒಲೆಯಲ್ಲಿ ಕುಗ್ಗಿ ವಕ್ರವಾಗುತ್ತದೆ. ಬೆಣ್ಣೆಯೋ ತುಪ್ಪವೋ ಹಿಟ್ಟಿನ ಕಣಕ್ಕೆ ಜಿಡ್ಡಿನ ಹೊದಿಕೆ ಹಾಕಿ ಎಳೆ ಕಟ್ಟದಂತೆ ತಡೆಯುತ್ತದೆ. ಹಾಗಾಗಿ ಚಪಾತಿಯಂತೆ ನಾದಬಾರದು. ಮುಷ್ಟಿ ಹಿಡಿದರೆ ಉಂಡೆ ನಿಂತರೆ ಸಾಕು, ಕೈ ತೆಗೆಯಿರಿ. ರೊಟ್ಟಿ ಬಡಿಯುವವರಿಗೆ ಇದೇ ಕಷ್ಟ: ಕೈ ಸುಮ್ಮನಿರುವುದಿಲ್ಲ.

ಅಳತೆಗೊಂದು ಹಳೆಯ ಸೂತ್ರವಿದೆ, ತೂಕದಲ್ಲಿ ಸಕ್ಕರೆ ಒಂದು ಪಾಲು, ಬೆಣ್ಣೆ ಎರಡು, ಹಿಟ್ಟು ಮೂರು. ತೆಳು ಎಲೆಗೆ ಇಷ್ಟು ಬೆಣ್ಣೆ ಜಾಸ್ತಿ, ಹರಡುತ್ತದೆ. 200 ಗ್ರಾಂ ಮೈದಾ, 50 ಗ್ರಾಂ ಜೋಳದ ಹಿಟ್ಟು, 100 ಗ್ರಾಂ ಪುಡಿ ಸಕ್ಕರೆ, 120 ಗ್ರಾಂ ಬೆಣ್ಣೆ, ಚಿಟಿಕೆ ಉಪ್ಪು, ಏಲಕ್ಕಿ, ಕೂಡಿಸಲು ಎರಡು ಮೂರು ಚಮಚ ತಣ್ಣನೆ ಹಾಲು. ಮೊಟ್ಟೆ ಬೇಕಿಲ್ಲ. ಬೇಕಿಂಗ್ ಪೌಡರೂ ಬೇಡ, ಉಬ್ಬಿದರೆ ಆಕಾರ ಕೆಡುತ್ತದೆ.

ತುಪ್ಪ ಹಾಕುವುದಾದರೆ 100 ಗ್ರಾಂ ಸಾಕು. ಅಂಗಡಿಯ ಬೆಣ್ಣೆಯಲ್ಲಿ ಶೇ. 80ರಷ್ಟು ಮಾತ್ರ ಕೊಬ್ಬು, ಉಳಿದದ್ದು ಬಹುಪಾಲು ನೀರು. ತುಪ್ಪದಲ್ಲಿ ನೀರಿಲ್ಲ. ಅದರ ಬಿಸ್ಕೀಟು ನಾನ್‌ಖಟಾಯಿಯ ಹಾಗೆ ಬಾಯಲ್ಲಿ ಮರಳಾಗಿ ಉದುರುತ್ತದೆ, ರುಚಿಯೂ ಹೆಚ್ಚು. ಆದರೆ ಎಲೆಯ ತೊಟ್ಟು, ತೇರಿನ ಕಳಸದಂಥ ಸಣ್ಣ ಭಾಗ ತಡೆಯುವುದಿಲ್ಲ. ನನ್ನ ಮಾತು ಕೇಳಿದರೆ, ತಿನ್ನಲಿಕ್ಕಾದರೆ ತುಪ್ಪ, ತೋರಿಸಲಿಕ್ಕಾದರೆ ಬೆಣ್ಣೆ.

ಜೋಳದ ಹಿಟ್ಟು ಆಗಷ್ಟೇ ಗಿರಣಿಯಿಂದ ಬಂದದ್ದಿರಲಿ, ತಿಂಗಳು ಕಳೆದದ್ದು ಕಹಿ. ಬಟ್ಟೆಯಲ್ಲಿ ಜರಡಿ ಹಿಡಿದು ವಸ್ತ್ರಗಾಳಿತ ಮಾಡಿದರೆ ತರಿ ಹಲ್ಲಿಗೆ ಸಿಗದು. ಐದರಲ್ಲಿ ಒಂದು ಪಾಲು ಜೋಳವಿದ್ದಾಗ ಬಿಸ್ಕೀಟು ಇನ್ನಷ್ಟು ಗರಿಗರಿ, ಯಾಕೆಂದರೆ ಅಷ್ಟು ಗ್ಲುಟೆನ್ ಕಮ್ಮಿ. ಅರ್ಧಕ್ಕಿಂತ ಹೆಚ್ಚಾದರೆ ಎತ್ತುವಾಗಲೇ ಒಡೆಯುತ್ತದೆ. ಪೂರ್ತಿ ಜೋಳದ್ದೇ ಬೇಕೆನ್ನುವವರು ಒಂದು ಪಾಲು ಹಿಟ್ಟಿಗೆ ಕುದಿಯುವ ಹಾಲು ಹೊಯ್ದು ಅಂಟು ಮಾಡಿಕೊಂಡು ಉಳಿದದ್ದಕ್ಕೆ ಬೆರೆಸಬೇಕು. ಅಲ್ಲಿಗೆ ಮತ್ತೆ ಎಸರಿನ ವಿದ್ಯೆಗೇ ಬಂದಹಾಗಾಯಿತು.

ಕಮಲಾಪುರದವರು ಕೇಳಬಹುದು, ನಮ್ಮ ಕೆಂಬಾಳೆ ಹಾಕಬಾರದೆ ಎಂದು. ಕಮಲಾಪುರದ ಕೆಂಬಾಳೆಗೂ ಭೌಗೋಳಿಕ ಗುರುತಿದೆ, ಹುಮನಾಬಾದ್ ರಸ್ತೆಯಲ್ಲಿ ಹೋಗುವವರು ಅದನ್ನು ಕೊಳ್ಳದೆ ಮುಂದೆ ಹೋಗುವುದು ಕಡಿಮೆ. ಆದರೆ ಹಣ್ಣಿನಲ್ಲಿ ಮುಕ್ಕಾಲು ಪಾಲು ನೀರು. ಕಿವುಚಿ ಹಾಕಿದರೆ ಬಿಸ್ಕೀಟಾಗುವುದಿಲ್ಲ, ಕೇಕಾಗುತ್ತದೆ. ಹಣ್ಣನ್ನು ಹಣ್ಣಾಗಿಯೇ ತಿನ್ನಿ.

ಮೂರು ಎಟಿಎಂ ಕಾರ್ಡು

ಕಣಕ ಕೂಡಿದ ಮೇಲೆ ಅರ್ಧ ಗಂಟೆ ಫ್ರಿಜ್ಜಿನಲ್ಲಿಡುವುದು ಸೋಮಾರಿತನವಲ್ಲ. ಬೆಣ್ಣೆ 32ರಿಂದ 35 ಡಿಗ್ರಿಯಲ್ಲಿ ಕರಗುತ್ತದೆ, ಅದಕ್ಕೂ ಬಹಳ ಮೊದಲೇ ಮೆತ್ತಗಾಗುತ್ತದೆ. ನಮ್ಮಲ್ಲಿ ಅಕ್ಟೋಬರ್ ಮಧ್ಯಾಹ್ನವೂ 30 ಮುಟ್ಟುತ್ತದೆ, ಗ್ಯಾಸ್ ಹಚ್ಚಿದ ಅಡಿಗೆಮನೆಯಂತೂ ಕೇಳುವುದೇ ಬೇಡ. ಹಾಗಾಗಿ ನಸುಕಿನಲ್ಲಿ ಲಟ್ಟಿಸಿ.

ತೆಳುವು ಎಲ್ಲ ಕಡೆ ಒಂದೇ ಆಗಿರಬೇಕು. ಒಂದು ಬದಿ ಎರಡು ಮಿಲಿಮೀಟರು, ಇನ್ನೊಂದು ಬದಿ ನಾಲ್ಕಾದರೆ ಒಂದು ಕರಕು, ಒಂದು ಹಸಿ. ಇದಕ್ಕೆ ಪೇಟೆಯಲ್ಲಿ ಅಳತೆಯ ಉಂಗುರವಿರುವ ಲಟ್ಟಣಿಗೆ ಸಿಗುತ್ತದೆ. ಮನೆಯಲ್ಲೇ ಇರುವ ಉಪಾಯ ಎಟಿಎಂ ಕಾರ್ಡು. ಜಗತ್ತಿನ ಬಹುತೇಕ ಎಲ್ಲ ಬ್ಯಾಂಕ್ ಕಾರ್ಡುಗಳೂ 0.76 ಮಿಲಿಮೀಟರು ದಪ್ಪ. ಮೂರನ್ನು ಒಂದರ ಮೇಲೊಂದಿಟ್ಟರೆ ಸುಮಾರು 2.3. ಅವಧಿ ಮುಗಿದ ಕಾರ್ಡುಗಳ ಇಂಥ ಎರಡು ಅಟ್ಟಿಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕಣಕದ ಎಡಬಲಕ್ಕೆ ಇಟ್ಟು, ಲಟ್ಟಣಿಗೆಯ ಎರಡು ತುದಿ ಅವುಗಳ ಮೇಲೆ ಉರುಳುವಂತೆ ಲಟ್ಟಿಸಿ. ಲಟ್ಟಣಿಗೆ ಕಾರ್ಡಿಗೆ ತಾಗಿದ ಮೇಲೆ ಕಣಕ ಇನ್ನಷ್ಟು ತೆಳುವಾಗಲಾರದು.

ಹೋಳಿಗೆ ತಟ್ಟುವಂತೆ ಪ್ಲಾಸ್ಟಿಕ್ ಹಾಳೆಯ ನಡುವೆ ಲಟ್ಟಿಸುವುದು ಒಳ್ಳೆಯದು. ಒಣ ಹಿಟ್ಟು ಉದುರಿಸುತ್ತ ಹೋದರೆ ಬಿಸ್ಕೀಟು ಗಟ್ಟಿಯಾಗುತ್ತದೆ. ಲಟ್ಟಿಸಿದ ಹಾಳೆಯನ್ನೇ ಹಾಗೇ ಎತ್ತಿ ಮತ್ತೆ ಫ್ರಿಜ್ಜಿಗಿಡಿ, ಗಟ್ಟಿಯಾದ ಮೇಲೆ ಕತ್ತರಿಸಿ. ತಣ್ಣಗಿದ್ದಾಗ ಅಂಚು ಚಾಕುವಿನ ಗೆರೆಯಂತೆ ಬರುತ್ತದೆ. ಮೇಲೆ ಫೋರ್ಕಿನಿಂದ ಅಲ್ಲಲ್ಲಿ ಚುಚ್ಚಿದರೆ ಹಬೆ ಹೊರಗೆ ಹೋಗಿ ಗುಳ್ಳೆ ಬರುವುದಿಲ್ಲ; ಚುಚ್ಚುವುದನ್ನೇ ಎಲೆಯ ನರದ ಸಾಲಾಗಿ ಚುಚ್ಚಿದರೆ ಒಂದೇ ಕೆಲಸಕ್ಕೆ ಎರಡು ಫಲ.

ಬೆಂಕಿಯ ಮುಂದೆ

ಓಟಿಜಿ ಓವನ್ ಇದ್ದರೆ 160ರಿಂದ 170 ಡಿಗ್ರಿ, ಎಂಟರಿಂದ ಹತ್ತು ನಿಮಿಷ. ಆರನೆಯ ನಿಮಿಷಕ್ಕೇ ಬಗ್ಗಿ ನೋಡಲು ಶುರು ಮಾಡಿ. ಇಷ್ಟು ತೆಳುವಿಗೆ ಒಂದು ನಿಮಿಷ ಅಂದರೆ ಹೊಂಬಣ್ಣಕ್ಕೂ ಕರಿಬಣ್ಣಕ್ಕೂ ಇರುವ ಅಂತರ. ಸುಮಾರು 140 ಡಿಗ್ರಿ ದಾಟಿದ ಮೇಲೆ ಹಿಟ್ಟಿನ ಪ್ರೋಟೀನೂ ಸಕ್ಕರೆಯ ಅಂಶವೂ ಕೂಡಿ ಬಣ್ಣ, ಪರಿಮಳ ಹುಟ್ಟುತ್ತವೆ. ಎಲೆಯ ಚೂಪು ತುದಿಗೆ ಮೂರೂ ಕಡೆಯಿಂದ ಬಿಸಿ ತಾಗುತ್ತದೆ, ನಡುಭಾಗಕ್ಕೆ ಮೇಲೆ ಕೆಳಗೆ ಮಾತ್ರ. ಆದ್ದರಿಂದಲೇ ತುದಿ ಮೊದಲು ಸುಡುವುದು, ಆಪ್ಟೆ ಎಲೆ ಗೆಲ್ಲುವುದು. ದೊಡ್ಡವನ್ನೂ ಸಣ್ಣವನ್ನೂ ಒಂದೇ ತಟ್ಟೆಯಲ್ಲಿ ಇಡಬೇಡಿ. ಮೊದಲ ಸುತ್ತಿನ ಬಿಸಿ ತಟ್ಟೆಯ ಮೇಲೆ ಎರಡನೆಯ ಸುತ್ತು ಇಟ್ಟರೆ ಬೆಣ್ಣೆ ಓವನ್ ಸೇರುವ ಮೊದಲೇ ಕರಗುತ್ತದೆ, ತಟ್ಟೆ ತಣಿಯಲಿ.

ಓವನ್ ಇಲ್ಲದವರು ಕುಕ್ಕರಿನಲ್ಲಿ ಉಪ್ಪು ಹಾಕಿ ಬೇಯಿಸುವುದುಂಟು. ನನ್ನ ಮಟ್ಟಿಗೆ ದಪ್ಪ ತಳದ ಹಳೆಯ ಕಡಾಯಿಯೇ ಮೇಲು. ತಳಕ್ಕೆ ಒಂದಂಗುಲ ಉಪ್ಪೋ ಮರಳೋ ಹರಡಿ, ಅದರ ಮೇಲೆ ಸ್ಟ್ಯಾಂಡ್, ಮುಚ್ಚಳ ಮುಚ್ಚಿ ಹತ್ತು ನಿಮಿಷ ಕಾಯಿಸಿ ಆಮೇಲೆ ತಟ್ಟೆ ಇಡಬೇಕು. ಇಲ್ಲಿ ಬಿಸಿ ಕೆಳಗಿನಿಂದ ಮಾತ್ರ, ಹಾಗಾಗಿ ತಳ ಬೇಗ ಕೆಂಪಾಗುತ್ತದೆ, ಮೇಲ್ಭಾಗ ಬೆಳ್ಳಗೇ ಉಳಿಯುತ್ತದೆ. ಸಕ್ಕರೆಯ ಚಿತ್ತಾರ ಮಾಡುವುದಿದ್ದರೆ ಬೆಳ್ಳಗಿರುವುದೇ ಅನುಕೂಲ.

ಬೆಂದು ಹೊರಬಂದ ಬಿಸ್ಕೀಟು ಮೆತ್ತಗಿರುತ್ತದೆ. ಹಸಿಯೆಂದು ಮತ್ತೆ ಒಳಗಿಡುವವರೇ ಹೆಚ್ಚು, ಕರಕಾಗುವುದು ಆಗಲೇ. ಕರಗಿದ ಸಕ್ಕರೆ ಆರುತ್ತ ಗಾಜಿನಂತೆ ಬಿಗಿದ ಮೇಲೆಯೇ ಗರಿ ಬರುವುದು. ಐದು ನಿಮಿಷ ತಟ್ಟೆಯಲ್ಲೇ ಬಿಡಿ, ಮುಟ್ಟಬೇಡಿ.

ಅರಿಶಿನ ಕೆಂಪಾಗುವ ಬಗೆ

ಬಣ್ಣದ ವಿಷಯದಲ್ಲಿ ಅಂಗಡಿಯ ಪುಡಿಗೆ ಕೈ ಹಾಕುವ ಮೊದಲು ಒಂದು ಮಾತು. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಬಾಂಬೆ ಮಿಠಾಯಿ, ಗೋಬಿ ಮಂಚೂರಿಗಳಲ್ಲಿ ಕೃತಕ ಬಣ್ಣ ನಿಷೇಧಿಸಿದ್ದು ನೆನಪಿರಬಹುದು. ಆಗ ಸಿಕ್ಕಿಬಿದ್ದ ರೋಡಮಿನ್-ಬಿ ಬಟ್ಟೆಗೆ ಹಾಕುವ ಬಣ್ಣ. ಹೆಸರು, ನಮೂದು ಇಲ್ಲದ ಪೊಟ್ಟಣದ ಬಣ್ಣ ಬೇಡವೇ ಬೇಡ.

ಶರತ್ಕಾಲದ ಹಳದಿ, ಕಿತ್ತಳೆ, ಕಂದುಗೆಂಪು ಮೂರೂ ಅರಿಶಿನದಲ್ಲೇ ಇವೆ. ಆರತಿ ತಟ್ಟೆಯ ನೀರಿಗೆ ಅರಿಶಿನದ ಮೇಲೆ ಸುಣ್ಣ ಬಿದ್ದರೆ ಕೆಂಪಾಗುವುದನ್ನು ನೋಡದವರಿಲ್ಲ. ಅರಿಶಿನದ ಬಣ್ಣ ಹುಳಿಯಲ್ಲಿ ಹಳದಿ, ಕ್ಷಾರದಲ್ಲಿ ಕೆಂಪು. ಅಡುಗೆ ಸೋಡಾವೂ ಕ್ಷಾರವೇ, ಬಿಸಿಗೆ ಅದರ ಕ್ಷಾರ ಇನ್ನೂ ಹೆಚ್ಚುತ್ತದೆ. ಕಣಕವನ್ನು ಎರಡು ಪಾಲು ಮಾಡಿ ಎರಡಕ್ಕೂ ಅರಿಶಿನ ಹಾಕಿ, ಒಂದಕ್ಕೆ ಮಾತ್ರ ಎರಡು ಚಿಟಿಕೆ ಸೋಡಾ ಸೇರಿಸಿ. ಒಂದು ಹಳದಿಯಾಗಿ, ಇನ್ನೊಂದು ಕಂದುಗಿತ್ತಳೆಯಾಗಿ ಬೇಯುತ್ತದೆ. ಎರಡನ್ನೂ ಒಡ್ಡೊಡ್ಡಾಗಿ ಸೇರಿಸಿ ಲಟ್ಟಿಸಿದರೆ ಹಣ್ಣಾಗುತ್ತಿರುವ ಎಲೆಯ ಬಣ್ಣ ತಾನಾಗಿ ಬರುತ್ತದೆ. ಸೋಡಾ ಹೆಚ್ಚಾದರೆ ಸಾಬೂನಿನ ರುಚಿ, ಕೈ ಬಿಗಿಯಿರಲಿ.

ಬೀಟ್‌ರೂಟಿನ ಕೆಂಪು ಓವನ್ನಿನಲ್ಲಿ ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ, ಪಾಲಕ್ಕಿನ ಹಸಿರು ಮಂಕಾಗುತ್ತದೆ. ಅವನ್ನು ಮೇಲಿನ ಸಕ್ಕರೆಗೆ ಮಾತ್ರ ಬಳಸಿ. ಆ ಸಕ್ಕರೆಯ ಲೇಪಕ್ಕೆ ಹೊರದೇಶದವರು ಮೊಟ್ಟೆಯ ಬಿಳಿ ಹಾಕುತ್ತಾರೆ. ಮೊಟ್ಟೆ ಸೇರದ ಮನೆಗಳಲ್ಲಿ 100 ಗ್ರಾಂ ನುಣುಪು ಪುಡಿ ಸಕ್ಕರೆಗೆ ಮೂರು ಸಣ್ಣ ಚಮಚದಷ್ಟು ನಿಂಬೆರಸ, ನೀರು ಸಾಕು. ಹಾಲಿಗಿಂತ ನಿಂಬೆಯೇ ಒಳ್ಳೆಯದು, ಬೇಗ ಕೆಡುವುದಿಲ್ಲ.

ಇದನ್ನು ಪ್ಲಾಸ್ಟಿಕ್ ಹಾಳೆಯ ಕೋನಿನಲ್ಲಿ ತುಂಬಿ, ಮೆಹಂದಿಯ ಕೋನಿನಂತೆಯೇ ತುದಿ ಕತ್ತರಿಸಿ ಎಳೆಯಬೇಕು. ಕೆಲವರು ಇದಕ್ಕೆ ನಳಿಕೆ, ಚೀಲ ಎಂದು ಸಾವಿರ ರೂಪಾಯಿಯ ಸಾಮಾನು ತರಿಸುವುದನ್ನು ಕಂಡಿದ್ದೇನೆ. ಈದ್‌ಗೂ ಮದುವೆಗೂ ಮೊಣಕೈವರೆಗೆ ಮೆಹಂದಿ ಬಿಡಿಸುವ ಹುಡುಗಿಯರು ಓಣಿಗೊಬ್ಬರಿರುವ ಊರಿದು. ಅವರ ಕೈಗೆ ಕೋನು ಕೊಡಿ, ನೀವು ಒಲೆ ನೋಡಿಕೊಳ್ಳಿ. ತೊಗರಿ ಹೂವಿನ ಕೆಂಪು ಗೆರೆ ಎಳೆಯುವುದು ಅವರಿಗೆ ಒಂದು ಕ್ಷಣದ ಕೆಲಸ. ಆಮೇಲೆ ರಾತ್ರಿಯಿಡೀ ಫ್ಯಾನಿನ ಕೆಳಗೆ ಒಣಗಿಸಿ. ಬಿಸಿಲಿಗಿಟ್ಟರೆ ಅರಿಶಿನದ ಬಣ್ಣ ಹಾರಿಹೋಗುತ್ತದೆ.

ಡಬ್ಬಿ, ಮತ್ತೆ ದಾರಿ

ಗರಿಗರಿ ಉಳಿಯುವ ವಿಷಯದಲ್ಲಿ ನಮ್ಮ ಹವೆ ನಮ್ಮ ಕಡೆಗಿದೆ. ಅಕ್ಟೋಬರ್ ಮಧ್ಯದ ಹೊತ್ತಿಗೆ ಮಳೆ ಹಿಂದೆ ಸರಿದು ಗಾಳಿ ಒಣಗುತ್ತದೆ. ಕಡಕ್ ರೊಟ್ಟಿ ವಾರಗಟ್ಟಲೆ ನಿಲ್ಲುವುದೂ ಇದೇ ಒಣ ಹವೆಯಿಂದ. ಮಂಗಳೂರಿನಲ್ಲಿ ಎರಡೇ ದಿನಕ್ಕೆ ಮೆತ್ತಗಾಗುವ ಬಿಸ್ಕೀಟು ಇಲ್ಲಿ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಹದಿನೈದು ದಿನ ಆರಾಮಾಗಿ ಇರುತ್ತದೆ. ದೀಪಾವಳಿಗೆ ಮಾಡಿದ್ದು ಗೌರಿ ಹುಣ್ಣಿಮೆಗೂ ಮಿಗುತ್ತದೆ, ಮಕ್ಕಳು ಬಿಟ್ಟರೆ. ಬೆಲ್ಲ ಹಾಕಿದ್ದು ಮಾತ್ರ ಬೇಗ ಮೆತ್ತಗಾಗುತ್ತದೆ, ಬೆಲ್ಲ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಮೆತ್ತಗಾದದ್ದನ್ನು 120 ಡಿಗ್ರಿಯಲ್ಲಿ ಐದು ನಿಮಿಷ ಇಟ್ಟು ಆರಿಸಿದರೆ ಮತ್ತೆ ಗರಿಯಾಗುತ್ತದೆ. ಸಕ್ಕರೆ ಲೇಪ ಹಾಕಿದ್ದಕ್ಕೆ ಈ ಉಪಾಯ ಬೇಡ.

ಮಾರುವ ಯೋಚನೆಯಿದ್ದವರಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಬೇಕು, ಪೊಟ್ಟಣದ ಮೇಲೆ ಸಾಮಾನಿನ ಪಟ್ಟಿ ಮತ್ತು ತಯಾರಿಸಿದ ದಿನ ಬೇಕು. ಜಿಲ್ಲಾಡಳಿತದ ಬೆಂಬಲದಿಂದ ಸ್ವಸಹಾಯ ಸಂಘಗಳ ಹೆಂಗಸರು ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಲ್ಲಿ ಕಡಕ್ ರೊಟ್ಟಿಯನ್ನು ಊರ ಹೊರಗೂ ಮಾರುತ್ತಿರುವಾಗ, ಜೋಳ ಬೆರೆತ ತೊಗರಿ ಹೂವಿನ ಬಿಸ್ಕೀಟಿಗೆ ಗಿರಾಕಿ ಸಿಗದಿರಲು ಕಾರಣವಿಲ್ಲ. ಆದರೆ ಒಂದು ಎಲೆಗೆ ಚಿತ್ತಾರ ಬಿಡಿಸುವ ಹೊತ್ತನ್ನು ಬೆಲೆಯಲ್ಲಿ ಸೇರಿಸದೆ ಮಾರುವವರೇ ಹೆಚ್ಚು, ಹಾಗೆ ಮಾರಿದರೆ ಉಳಿಯುವುದು ದಣಿವು ಮಾತ್ರ.

ಬೆಂಗಳೂರಿನಲ್ಲೋ ಪುಣೆಯಲ್ಲೋ ಇರುವ ಮಕ್ಕಳಿಗೆ ರೈಲಿನಲ್ಲಿ ಕಳಿಸುವುದಾದರೆ, ಕಡಕ್ ರೊಟ್ಟಿ ಕಟ್ಟುವಂತೆ ಒಂದರ ಮೇಲೊಂದು ಪೇರಿಸಿ ಬಟ್ಟೆಯಲ್ಲಿ ಬಿಗಿದು ಕಟ್ಟಿ, ಡಬ್ಬಿಯಲ್ಲಿ ಅಲುಗಾಡಲು ಜಾಗ ಬಿಡಬೇಡಿ. ಚಿತ್ತಾರವಿದ್ದವುಗಳ ನಡುವೆ ಬೆಣ್ಣೆ ಕಾಗದ ಹಾಕಿ, ಮುಖಕ್ಕೆ ಮುಖ ತಾಗದಂತೆ ಇಡಿ. ಎಲೆಗೆ ತೊಟ್ಟು ಇರಿಸಿದ್ದರೆ ಅದು ಬೆಂಗಳೂರಿನ ದಾರಿಯಲ್ಲಿ ವಾಡಿ ದಾಟುವ ಮೊದಲೇ ಮುರಿದಿರುತ್ತದೆ. ಊರು ದಾಟಬೇಕಾದ ಎಲೆಗಳನ್ನು ತೊಟ್ಟಿಲ್ಲದೆಯೇ ಕತ್ತರಿಸಿ, ತೊಟ್ಟನ್ನು ಸಕ್ಕರೆಯಲ್ಲಿ ಎಲೆಯ ಮೇಲೆಯೇ ಬರೆಯಿರಿ.